ಮೇಬಲ್‌ಳ ಪೊರೆ

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್.

ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿರುವ ಅಣ್ಣನ ಮನೆಗೆ ಬಂದ ಮೊದಲ ರಾತ್ರಿಯೇ ಆ ಸಣ್ಣ ಸದ್ದು ಕೇಳಿದೆ. ಅಣ್ಣ ಸಾಕಿದ ಹಾವು ಮೂತಿಯಿಂದ ಗಾಜಿಗೆ ಗುದ್ದುತ್ತಿರಬೇಕು ಅಂದುಕೊಂಡೆ. ಎದ್ದು ನೋಡುವ ಧೈರ್ಯ ಬರಲಿಲ್ಲ.

ಬೆಳಿಗ್ಗೆ ನೋಡಿದೆ. ಕ್ಲೈವ್ ಅಣ್ಣನ ಮಂಚದ ಎದುರಿಗೇ ಗಾಜಿನ ಪೆಟ್ಟಿಗೆ. ಲಕ್ವ ಹೊಡೆದ ಮೇಲೆ ಅವನಲ್ಲಿ ಆಡುವುದು ಕಣ್ಣುಗುಡ್ಡೆ ಮಾತ್ರ. ದಿನವಿಡೀ ಅವನು ನೋಡುವುದು ತಾನು ಮರಿಯಿಂದ ಸಾಕಿದ ಹೆಬ್ಬಾವನ್ನು, ಮೇಬಲ್‌ಳನ್ನು.

ಅವಳ ಪೊರೆ ಪೂರ್ತಿ ಕಳಚಿರಲಿಲ್ಲ. ಒಣಗಿದ ಚೂರುಗಳು ಮೈಗೆ ಅಂಟಿದ್ದವು. ಮೂತಿಯ ತುದಿ ಹಸಿಗಾಯವಾಗಿತ್ತು. ಬಾಲದ ಸುತ್ತ ಹಳೆಯ ಪೊರೆ ಬಳೆಯಂತೆ ಬಿಗಿದು, ಅದರಾಚೆಯ ತುದಿ ಕಪ್ಪಾಗಿ ಸತ್ತಿತ್ತು.

ನಾನೂ ಹಾವು ಸಾಕುವವಳು. ಇದು ಒಂದೆರಡು ದಿನದಲ್ಲಿ ಆಗಿದ್ದಲ್ಲ.

"ಆ ದಢಿಯನ ಕೆಲಸ," ಎಂದಳು ಗ್ವೆಂಡಾ ಅತ್ತಿಗೆ, ಬಾಗಿಲಲ್ಲಿ ನಿಂತು. "ಹಾವು ಕಂಡ್ರೆ ಆಗಲ್ಲ ಅವನಿಗೆ."

ದಢಿಯನೆಂದರೆ ಅಣ್ಣನ ಆರೈಕೆಗೆ ಬರುವ ಟೋಂಗಾ ದ್ವೀಪದ ಸೆಮಿಸಿ. ಅವನ ಸಂಸ್ಥೆಗೆ ಅತ್ತಿಗೆ ಆಗಲೇ ದೂರು ಕೊಟ್ಟಿದ್ದಳು. ನಾಳೆ ವಿಚಾರಣೆ. ಕೆಲಸ ಹೋದರೆ ವೀಸಾವೂ ಹೋಗುತ್ತದೆ; ಹೆಂಡತಿ ಮಕ್ಕಳೊಂದಿಗೆ ದೇಶ ಬಿಡಬೇಕು.

ಸೆಮಿಸಿ ಅವಳ ಹಿಂದೆಯೇ ನಿಂತಿದ್ದ. ಕೈಗೆ ಬ್ಯಾಂಡೇಜು.

"ಯಾರು ಮಾಡಿದ್ದು ಅಣ್ಣಾ?" ಎಂದು ಕೇಳಿದೆ. ಅವನ ಕಣ್ಣು ಬಾಗಿಲ ಕಡೆ ಹೊರಳಿತು. ಅಲ್ಲಿ ಇಬ್ಬರೂ ಇದ್ದರು.

*

ಮೇಬಲ್‌ಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆ. ಆಮೇಲೆ ಒದ್ದೆ ಟವೆಲಿನ ಸುರುಳಿಯೊಳಗೆ ಹರಿಯಲು ಬಿಟ್ಟೆ. ಪೊರೆ ತಾನಾಗಿ ಬರಬೇಕು. ಎಳೆದರೆ ಚರ್ಮವೂ ಬರುತ್ತದೆ. ಕಣ್ಣ ಮೇಲಿನದನ್ನಂತೂ ಮುಟ್ಟಲೇಬಾರದು. ಸೆಮಿಸಿ ಬಕೆಟ್ ಹಿಡಿದು, ಆದಷ್ಟು ದೂರ ನಿಂತಿದ್ದ.

"ನಮ್ಮನೆಗೆ ಹಾವು ಬಂದ್ರೆ ಮನೇನೇ ಅದಕ್ಕೆ ಬಿಟ್ಟುಕೊಡ್ತೀವಿ, ಆಂಟಿ."

"ಮತ್ತೆ ಕಚ್ಚಿಸಿಕೊಂಡಿದ್ದು ಹೇಗೆ?"

"ಮೇಡಂ ಹೇಳಿದ್ರು, ಎತ್ತಿ ಸಾರ್ ಎದೆ ಮೇಲೆ ಬಿಡು ಅಂತ. ಅದರ ಕಣ್ಣು ಹಾಲಿನ ಥರ ಬೆಳ್ಳಗಿತ್ತು. ಕುರುಡು ಅಂದ್ಕೊಂಡೆ."

ನನ್ನ ಕೈ ನಿಂತಿತು. ಕಣ್ಣು ಹಾಲಾದರೆ ಪೊರೆ ಬಿಡುವ ಕಾಲ ಬಂತೆಂದು ಅರ್ಥ. ಹಾವು ಸಾಕುವ ಮನೆಗಳಲ್ಲಿ ಆಗ ಗಾಜಿಗೆ ಬಟ್ಟೆ ಹೊದಿಸುತ್ತಾರೆ, ಯಾರೂ ಮುಟ್ಟುವುದಿಲ್ಲ. ಸೆಮಿಸಿಗೆ ಇದು ಗೊತ್ತಿರಲಿಲ್ಲ. ಅತ್ತಿಗೆಗೆ ಮದುವೆಯಾದಾಗಿನಿಂದ ಗೊತ್ತಿತ್ತು.

ಖಾಲಿ ಪೆಟ್ಟಿಗೆಯನ್ನು ಮತ್ತೆ ನೋಡಿದೆ. ಕಣ್ಣಿಗೆ ಕಾಣುವ ನೀರಿನ ಬಟ್ಟಲು ತುಂಬಿತ್ತು. ಹಾವು ಅಡಗುವ ಡಬ್ಬಿಯೊಳಗೆ, ಸದಾ ಒದ್ದೆಯಿರಬೇಕಾದ ಪಾಚಿ ಬೆರಳಿಗೆ ಪುಡಿಯಾಯಿತು. ಮೇಲಿನ ದೀಪ ಅಂಗೈ ಸುಡುವಷ್ಟು ಕಾದಿತ್ತು. ಗಾಜಿನ ಮೇಲೆ ಒಂದೇ ಕಡೆ ಸಣ್ಣ ಸಣ್ಣ ಗೀರು. ಹೊರಮೈಯಲ್ಲಿ.

*

ಅಡುಗೆಮನೆಯಲ್ಲಿ ಅತ್ತಿಗೆ ಟೋಸ್ಟಿಗೆ ವೆಜಿಮೈಟ್ ಸವರುತ್ತಿದ್ದಳು.

"ಬಾ ಪತ್ತೇದಾರಿಣಿ. ಹಾವು ಏನಾದ್ರೂ ಬಾಯಿಬಿಟ್ಟಿತಾ?"

"ಹಾವಿನ ಮೂತಿ ಗಾಜಿಗೆ ತಾಗಿದರೆ ಮೆತ್ತನೆ ಸದ್ದು. ರಾತ್ರಿ ನಾನು ಕೇಳಿದ್ದು ಗಟ್ಟಿ ಸದ್ದು. ಗೀರು ಇರುವುದೂ ಹೊರಗೆ. ಸೆಮಿಸಿ ಸಂಜೆಯೇ ಮನೆಗೆ ಹೋಗ್ತಾನೆ. ರೋಗಿಗಳನ್ನ ಎತ್ತುವವರು ಉಂಗುರ ಹಾಕುವ ಹಾಗೂ ಇಲ್ಲ."

ಅವಳು ಚಾಕು ಕೆಳಗಿಟ್ಟಳು. ಬೆರಳಿನಲ್ಲಿ ಅಣ್ಣ ತೊಡಿಸಿದ ವಜ್ರದ ಉಂಗುರ.

"ಪಾಚಿ ಒಣಗಿಸಿದ್ದು ನೀನು. ಬಟ್ಟೆ ಹೊದಿಸದೆ ಬಿಟ್ಟಿದ್ದು ನೀನು. ಪೊರೆ ಬಿಡುವ ಹೊತ್ತಲ್ಲಿ ರಾತ್ರಿಯೆಲ್ಲ ತಟ್ಟಿ ತಟ್ಟಿ ಬೆದರಿಸಿದ್ದೂ ನೀನೇ. ಅದು ಗಾಬರಿಯಲ್ಲಿ ಮೂತಿ ಉಜ್ಜಿಕೊಂಡು ರಕ್ತ ಮಾಡಿಕೊಂಡಿದೆ. ಅಣ್ಣನ ಕಣ್ಣೆದುರೇ."

"ಕಣ್ಣೆದುರು ಆಗಬೇಕಿತ್ತು," ಎಂದಳು ಅತ್ತಿಗೆ. ದನಿ ಏರಲಿಲ್ಲ. "ಮೂವತ್ತು ವರ್ಷ ಅವನು ಚಮಚದಲ್ಲಿ ಲೋಟ ತಟ್ಟಿ ನನ್ನ ಕರೆದ. ಟಕ್ ಅಂದ್ರೆ ನಾನು ಎದ್ದು ಬರಬೇಕು. ಈ ಮನೇಲಿ ಅವನು ಹೆಸರು ಹಿಡಿದು ಕರೆದದ್ದು ಆ ಹಾವನ್ನ ಮಾತ್ರ."

ಆ ಲೋಟದ ಸದ್ದು ನನಗೂ ನೆನಪಿತ್ತು.

ದೂರನ್ನು ಈಗಲೇ ವಾಪಸು ತೆಗೆದುಕೊಳ್ಳಬೇಕು, ಮೇಬಲ್ ನನ್ನ ಜೊತೆ ಬರುತ್ತಾಳೆ ಎಂದೆ. ಇಲ್ಲವಾದರೆ ಪೊಲೀಸರಿಗೆ ಹೇಳುವೆ ಎಂದೆ.

ಅವಳು ನನ್ನೆದುರೇ ಸಂಸ್ಥೆಗೆ ಫೋನ್ ಮಾಡಿದಳು. ದೀಪದ ಸ್ವಿಚ್ಚು ಕೆಟ್ಟಿತ್ತಂತೆ, ಸೆಮಿಸಿ ಪಾಪದವನಂತೆ. ಫೋನ್ ಇಟ್ಟು ನನ್ನತ್ತ ತಿರುಗಿದಳು.

"ಹಾವನ್ನ ತಗೊಂಡು ಹೋಗು. ನಿನ್ನಣ್ಣನನ್ನ ಬಿಟ್ಟು ಹೋಗು."

*

ಮೇಬಲ್‌ಳನ್ನು ಒದ್ದೆ ದಿಂಬಿನ ಚೀಲದಲ್ಲಿ ಹಾಕಿ ಕಾರಿನ ಮುಂದಿನ ಸೀಟಿನಲ್ಲಿಟ್ಟೆ. ಹೊರಡುವ ಮುಂಚೆ ಅಣ್ಣನ ಹತ್ತಿರ ಹೋಗಿದ್ದೆ. ಅವನ ಕಣ್ಣು ಖಾಲಿ ಪೆಟ್ಟಿಗೆಯಿಂದ ನನ್ನ ಮುಖಕ್ಕೆ ಬಂತು, ಅಲ್ಲಿಂದ ಬಾಗಿಲಿಗೆ ಹೋಯಿತು, ಮತ್ತೆ ನನ್ನ ಮುಖಕ್ಕೆ ಬಂತು. ನಾನು ಹೊದಿಕೆ ಸರಿಮಾಡಿದೆ.

ಕೀಲಿ ತಿರುಗಿಸುವಾಗ ಅವನ ಕೋಣೆಯ ಕಿಟಕಿ ತೆರೆದಿತ್ತು. ಒಳಗಿಂದ ಮಂಚದ ಕಬ್ಬಿಣದ ಮೇಲೆ ಉಂಗುರದ ಸದ್ದು, ಅವನ ಕಿವಿಯ ಹತ್ತಿರವೇ ಇರಬೇಕು:

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್.

ಚೀಲದೊಳಗೆ ಮೇಬಲ್ ಬೆದರಿ ಸುತ್ತಿಕೊಂಡಳು. ನಾನು ಕಾರಿನ ಗಾಜು ಏರಿಸಿದೆ. ಸೆಮಿಸಿಗೂ ಹೇಳುವುದಿಲ್ಲ, ಪೊಲೀಸರಿಗೂ ಹೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ.