ಪೈಪಿನ ತಳಕ್ಕೆ ಇಳಿದವನು

"ನಾನು ಕೂರಿಸಿದ ಸೆನ್ಸರ್ ಮೇಲೆ ಕಂಪ್ಲೇಂಟ್ ಕೊಟ್ಟೋರು ಯಾರು?" ಎನ್ನುತ್ತಾ ಆತ ಕಂಟ್ರೋಲ್ ರೂಮಿಗೆ ನುಗ್ಗಿದ. ಹೆಲ್ಮೆಟ್ ಕೂಡ ತೆಗೆದಿರಲಿಲ್ಲ.

"ನಾನೇ," ಎಂದೆ. ಗ್ಯಾಸ್ ಪೈಪು ಒಳಗಿನಿಂದ ಸವೆಯುತ್ತಿದೆಯೇ ಎಂದು ಸ್ಕ್ರೀನಿನಲ್ಲಿ ಕಣ್ಣಿಟ್ಟು ಕಾಯುವುದೇ ನನ್ನ ಉದ್ಯೋಗ. ಯಾರು ಹುಬ್ಬು ಗಂಟಿಕ್ಕಿದರೂ ನಾನು ಹೆದರುವವಳಲ್ಲ. ಈ ಹುಬ್ಬುಗಳು ಚೆನ್ನಾಗಿದ್ದವು, ಅದು ಬೇರೆ ಮಾತು.

"ಎಲ್ಲಾ ಸರಿ ಇದೆ ಅಂತಾನೇ ತೋರಿಸ್ತಿದೆಯಲ್ಲ ಮೇಡಂ?"

"ಅದೇ ಅನುಮಾನ. ನೀವು ಅದನ್ನ ಪೈಪಿನ ನೆತ್ತಿ ಮೇಲೆ ಕೂರಿಸಿದ್ದೀರಿ. ಅಲ್ಲಿ ಒಣ ಗ್ಯಾಸ್ ಓಡುತ್ತೆ. ನೀರು ನಿಂತು ಕಬ್ಬಿಣ ತಿನ್ನೋದು ತಳದಲ್ಲಿ. ಲೈನು ತಗ್ಗಿಗೆ ಇಳಿಯೋ ಜಾಗದಲ್ಲಿ ಅಗೆದು ನೋಡ್ಬೇಕು."

"ಅಗೆದು ಏನೂ ಸಿಗದಿದ್ರೆ?"

"ನನ್ನ ಕೆಲಸ ಹೋಗುತ್ತೆ. ಸಾಹೇಬರು ಆಗ್ಲೇ ಹೇಳಿದ್ದಾರೆ. ಸಿಕ್ಕಿದ್ರೆ?"

"ನನ್ನದು ಹೋಗುತ್ತೆ," ಎಂದು ಆತ ನಕ್ಕ. ಆ ನಗು ಕಂಡು ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಮಾರನೆಯ ದಿನ ಗುಂಡಿ ತೋಡಿದರು. ದಪ್ಪ ಅಳೆಯುವ ಮೀಟರ್ ಹಿಡಿದು ಆತನೇ ಇಳಿದು, ಪೈಪಿನ ಕೆಳಗೆ ಕೆಸರಿನಲ್ಲಿ ಅಂಗಾತ ಮಲಗಿದ. ಮೇಲೆ ಗುಂಡಿಯ ಅಂಚಿನಲ್ಲಿ ಸಾಹೇಬರು, ಅವರ ಪಕ್ಕದಲ್ಲಿ ನಾನು. ಮೀಟರಿನ ಅಂಕಿ ಕಾಣುವುದು ಆತನೊಬ್ಬನಿಗೆ. ಬಾಯಿಗೆ ಬಂದದ್ದು ಹೇಳಿದ್ದರೂ ನಾವು ನಂಬಬೇಕಿತ್ತು. ನನ್ನ ಲೆಕ್ಕದ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು. ಆತನನ್ನೂ ನಂಬಬಹುದೇ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆತ ಮತ್ತೆ ಮತ್ತೆ ಅಳೆದ. ಆಮೇಲೆ ತಲೆ ಹೊರಳಿಸಿ ನನ್ನನ್ನೇ ನೋಡಿದ. ರೆಪ್ಪೆಯ ಮೇಲೂ ಕೆಸರು.

"ಅರ್ಧಕ್ಕರ್ಧ ಸವೆದಿದೆ ಸಾರ್! ಮೊದಲು ಲೈನಿನ ಒತ್ತಡ ಇಳಿಸೋಕೆ ಹೇಳಿ. ಮೇಡಂ ಹೇಳಿದ್ದೇ ಸರಿ."

"ಸೆನ್ಸರನ್ನ ಮೇಲೆ ಕೂರಿಸಿದ್ದು ಯಾರು?" ಸಾಹೇಬರು ಗುಡುಗಿದರು.

"ನಾನೇ ಸಾರ್."

ಫೋನ್ ಮಾಡಿ ಒತ್ತಡ ಇಳಿಸಲು ಹೇಳಿದೆ. ಆಮೇಲೆ ಸಾಹೇಬರತ್ತ ತಿರುಗಿದೆ. "ತಳದಲ್ಲಿ ಹೊಸ ಸೆನ್ಸರ್ ಇವರೇ ಕೂರಿಸ್ಲಿ ಸಾರ್. ತನ್ನ ಕೆಲಸಕ್ಕೇ ಕುತ್ತು ಬಂದ್ರೂ ಇದ್ದದ್ದನ್ನ ಇದ್ದ ಹಾಗೆ ಹೇಳೋರನ್ನ ಯಾರಾದ್ರೂ ಕೆಲಸದಿಂದ ತೆಗೀತಾರಾ?"

ಸಾಹೇಬರು ಗೊಣಗುತ್ತಲೇ ಒಪ್ಪಿದರು.

ಮೇಲೆ ಹತ್ತಲು ಆತ ಕೈ ಚಾಚಿದ. ಹಿಡಿದೆಳೆದೆ. ಮೇಲೆ ಬಂದ ಮೇಲೂ ನಾನು ಕೈ ಬಿಡಲಿಲ್ಲ.

"ಕೈಯೆಲ್ಲಾ ಕೆಸರಾಗುತ್ತೆ ಮೇಡಂ." ಮೊದಲ ಸಲ ಆತನ ದನಿ ತಡವರಿಸಿತು.

"ಆಗ್ಲಿ. ನೀವಂದ್ರೆ ನನಗೆ ತುಂಬಾ ಇಷ್ಟ. ಸಂಜೆ ಮನೆಗೆ ಬನ್ನಿ, ಅಕ್ಕ ಭಾವ ಇರ್ತಾರೆ."

"ನಾನು ಯಾರು ಅಂತ ಕೇಳಿದ್ರೆ ಏನಂತೀರಿ?"

"ನಾನು ಮದುವೆ ಆಗೋರು ಅಂತೀನಿ. ಸುಳ್ಳಾಗುತ್ತಾ?"

ಹಿಂದೆ ಸಾಹೇಬರು ಜೋರಾಗಿ ಕೆಮ್ಮಿದರು. ಆತ ಆ ಕಡೆ ತಿರುಗಲೇ ಇಲ್ಲ.

"ಖಂಡಿತ ಆಗಲ್ಲ," ಎಂದ.