ಎಮ್ಮೆಗೆ ಬಿಗಿದ ಎರಡನೆಯ ಹಗ್ಗ

ಸುಳ್ಳೆನ್ನುವವರು ಸಿರುಗುಪ್ಪದಿಂದ ಬಸ್ಸು ಹತ್ತಿ ಕರೂರಿಗೆ ಹೋಗಿ, ಮದಾರಬೀಯ ಹಿತ್ತಲು ನೋಡಿ ಬರಲಿ. ಅವಳ ಗಂಡ ಲಾಲಸಾಬ್ ಮದರಾಸು ಬಂದರಿನಲ್ಲಿ ಖಲಾಸಿ. ತೂಫಾನಿನ ಸುದ್ದಿ ಬಂದರೆ ಹಡಗುಗಳಿಗೆ ಎರಡನೆಯ ಹಗ್ಗ ಬಿಗಿಯುವವನು. ರಜೆಗೆ ಬಂದಾಗ ಗಾಳಿ ಎದ್ದರೆ ಸಾಕು, ಮನೆಯ ಎಮ್ಮೆಗೂ ಬಿಗಿಯುತ್ತಿದ್ದ.

"ಎಮ್ಮಿ ತೇಲಿಕೊಂಡು ಹೋಗ್ತೈತೇನ್ರಿ?" ಎಂದು ಅವಳು ನಗುತ್ತಿದ್ದಳು.

"ನೀ ಕೈ ಹಚ್ಚಬ್ಯಾಡ. ಕಟ್ಟಿದಾವನ ಬಂದು ಬಿಚ್ಚಬೇಕು. ಅದು ನಮ್ಮ ಬಂದರಿನ ರೂಢಿ."

ಸ್ವಾತಂತ್ರ್ಯ ಬಂದ ಮರುವರ್ಷ, ಚಳಿಗಾಲದ ಒಂದು ಮಧ್ಯಾಹ್ನ. ಕರೂರಿನಲ್ಲಿ ಎಲೆಯೂ ಅಲುಗುತ್ತಿರಲಿಲ್ಲ. ಮದಾರಬೀ ನೀರು ಸೇದಿ ಬರುವಷ್ಟರಲ್ಲಿ ಎಮ್ಮೆಯ ಗೂಟಕ್ಕೆ ಇನ್ನೊಂದು ಹಗ್ಗ ಬಿದ್ದಿತ್ತು. ಮುಂಗೈ ದಪ್ಪದ ಹಗ್ಗ, ನೀರು ತೊಟ್ಟಿಕ್ಕುತ್ತಿತ್ತು, ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು. ಗಂಟು ಅವನದೇ.

"ಯಾವಾಗ ಬಂದ್ರಿ?" ಎನ್ನುತ್ತ ಒಳಗೆ ಓಡಿದಳು. ಯಾರೂ ಇರಲಿಲ್ಲ. ಆದರೂ ಅಂದು ಅವನ ಪಾಲಿನ ರೊಟ್ಟಿಯನ್ನೂ ಬಡಿದಿಟ್ಟಳು.

ವಾರದ ಮೇಲೆ ಮದರಾಸಿನಿಂದ ಸುದ್ದಿ ಬಂತು. ಅದೇ ಮಧ್ಯಾಹ್ನದ ತೂಫಾನಿನಲ್ಲಿ ಅವನು ಬಿಗಿದ ಹಡಗುಗಳೆಲ್ಲ ಉಳಿದವು. ಲಾಲಸಾಬ್ ಮಾತ್ರ ಸಿಗಲಿಲ್ಲ.

ಆ ಗಂಟನ್ನು ಅವಳು ಬಿಚ್ಚಿಲ್ಲ, ಯಾರಿಗೂ ಬಿಚ್ಚಗೊಟ್ಟಿಲ್ಲ. ಮೂರು ಬೇಸಿಗೆ ಕಳೆದವು. ಎಮ್ಮೆ ದಿನವೂ ಆ ಹಗ್ಗವನ್ನು ನೆಕ್ಕುತ್ತದೆ. ಉಪ್ಪು ಇನ್ನೂ ತೀರಿಲ್ಲ.