ಎರಡನೇ ಒಲೆ

ಆಶಾಬಿ ಅದನ್ನು ಹೇಳಿದ್ದು ಒಳ್ಳೆಯ ಸುದ್ದಿಯೆಂದೇ. ಶಹಾಬಾದದಲ್ಲಿ ಗುಂಡಮ್ಮನ ಪಕ್ಕದ ಮನೆಯವಳು ಅವಳು. ಕೊಡ್ಲಿ ಎಂಬ ಊರಿಗೆ ತಂಗಿಯ ಮಗಳ ನಿಕಾಹಕ್ಕೆ ಬಂದಿದ್ದಳು. ಗುಂಡಮ್ಮ ಇದೇ ಊರಿನ ತವರಲ್ಲಿ ಮಲಗಿದ್ದಾಳೆಂದು ತಿಳಿದು, ಎರಡು ಲಾಡು ಸೆರಗಿಗೆ ಕಟ್ಟಿಕೊಂಡು ನೋಡಲು ಬಂದಳು.

"ನಿನ್ನ ಗಂಡ ಮನ್ಯಾಗ ಹೊಸಾ ಒಲಿ ಹೂಡಾಕತ್ತಾನ ನೋಡಬೇ. ಖಣಿಯಿಂದ ಫರ್ಸಿಕಲ್ಲು ತಂದು ಅಂಗಳದಾಗ ಒಟ್ಟ್ಯಾನ. ಹಳೀದು ಛಲೋ ಅದಲ್ಲೋ ಶಿವರಾಯ, ಮತ್ತೊಂದು ಯಾಕ ಅಂತ ಕೇಳಿದ್ರ, ಮಾರಿ ತಿರುವಿ ನಕ್ಕ."

"ಹಳೀದು ಒಡದಾರೇನು?" ಎಂದಳು ಗುಂಡಮ್ಮ.

"ಇಲ್ಲ. ಅದು ಹಂಗೇ ಅದ. ಅದರ ಬಾಜೂಕನೇ ಇದು."

ಆಶಾಬಿ ಹೋದಳು. ಲಾಡು ಗುಂಡಮ್ಮನ ಅಂಗೈಯಲ್ಲೇ ಉಳಿಯಿತು.

ಒಂದು ಸೂರಿನ ಕೆಳಗೆ ಎರಡನೇ ಒಲೆ ಹೂಡುವುದಕ್ಕೆ ಆ ಸೀಮೆಯಲ್ಲಿ ಎರಡೇ ಕಾರಣ. ಅಣ್ಣತಮ್ಮಂದಿರು ಬೇರೆಯಾಗಿರಬೇಕು, ಇಲ್ಲವೇ ಮನೆಗೆ ಇನ್ನೊಬ್ಬ ಹೆಂಡತಿ ಬರುತ್ತಿರಬೇಕು. ಶಿವರಾಯನಿಗೆ ಅಣ್ಣನೂ ಇರಲಿಲ್ಲ, ತಮ್ಮನೂ ಇರಲಿಲ್ಲ.

ಗುಂಡಮ್ಮನಿಗೆ ಮೂವತ್ತಾರು. ಮೂರು ಹೆರಿಗೆಗಳಲ್ಲಿ ಉಳಿದವಳು ಒಬ್ಬಳು ಮಗಳು. ಅವಳನ್ನೂ ಸೇಡಂ ಕಡೆ ಕೊಟ್ಟಾಗಿತ್ತು. ಕೊನೆಯ ಹೆರಿಗೆಯಾದ ಮೇಲೆ ಗರ್ಭಕೋಶ ಕೆಳಗೆ ಜಾರತೊಡಗಿತ್ತು. ಏಳು ವರ್ಷ ಹಳೇ ಸೀರೆಯ ಚಿಂದಿ ಬಿಗಿದುಕೊಂಡು, ಯಾರಿಗೂ ಹೇಳದೆ ಖಣಿಯಲ್ಲಿ ಕಲ್ಲು ಹೊತ್ತಿದ್ದಳು. ಕೊನೆಗೆ ನಿಲ್ಲಲೂ ಆಗದೆ ಹೋದಾಗ ಗುಲಬರ್ಗಾದ ದವಾಖಾನೆಯಲ್ಲಿ ಜಾರಿದ್ದನ್ನು ತೆಗೆದು, ಸಡಿಲಾದದ್ದನ್ನು ಎತ್ತಿ ಹೊಲಿದರು. ಕೊಡ ಎತ್ತಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಗಂಡನ ಮಗ್ಗುಲಿಗೆ ಹೋಗಬಾರದು, ಮೂರು ತಿಂಗಳು ಎಂದು ಡಾಕ್ಟರಬಾಯಿ ಅವಳೊಬ್ಬಳಿಗೇ ಹೇಳಿದ್ದಳು. ಗಂಡಸರಿಗೆ ಆ ವಾರ್ಡಿನೊಳಗೆ ಪ್ರವೇಶವಿರಲಿಲ್ಲ.

ಆಪರೇಷನ್ ಆಗಿ ನಲವತ್ತು ದಿನ. ಇನ್ನೂ ಕೆಮ್ಮು ಬಂದರೆ ಎರಡೂ ಕೈ ಕಿಬ್ಬೊಟ್ಟೆಗೆ ಒತ್ತಬೇಕು. ಸೀನಿದರೆ ಸೀರೆ ಒದ್ದೆ. "ನಾ ಎಂಟು ಹಡದೀನಿ, ಐದನೇ ದಿನಕ್ಕ ಬೀಸೋ ಕಲ್ಲಿಗೆ ಕುಂತೀನಿ," ಎಂದು ತಾಯಿ ಭೀಮಮ್ಮ ದಿನಕ್ಕೊಮ್ಮೆ ಅನ್ನುತ್ತಿದ್ದಳು. ಹಾಗಂದರೂ ಬಿಸಿನೀರು ಕಾಸಿ ಕೊಡುವವಳು ಅವಳೇ.

ಮರುದಿನ ಬೆಳಿಗ್ಗೆ ಗುಂಡಮ್ಮ ಬಸ್ಸು ಹತ್ತಿದಳು. ಭೀಮಮ್ಮ ಬಾಗಿಲಿಗೆ ಅಡ್ಡ ನಿಂತು ಬೈದಳು, ಕಡೆಗೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿ ಇಳಿದಳು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು ವರ್ಷವಾಗಿತ್ತು. ರಸ್ತೆ ಮಾತ್ರ ಹಳೆಯದೇ. ಒಂದೊಂದು ತಗ್ಗಿಗೂ ಗುಂಡಮ್ಮ ಮುಂದಿನ ಸೀಟಿನ ಕಂಬಿ ಹಿಡಿದು ಮೈಯನ್ನು ಮೇಲೆತ್ತಿಕೊಂಡಳು. ಹೊಲಿಗೆ ಬಿಚ್ಚಿದರೆ ಬಿಚ್ಚಲಿ. ಆ ಮನೆಯಲ್ಲಿ ತನಗೆ ಜಾಗ ಉಳಿದಿದೆಯೋ ಇಲ್ಲವೋ, ಅದೊಂದು ತಿಳಿಯಬೇಕಾಗಿತ್ತು.

ಗುಲಬರ್ಗಾದಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟಿದಾಗ ಇಳಿಹೊತ್ತು. ಬಾಗಿಲು ತೆರೆದಿತ್ತು. ಒಳಗೆ ಶಿವರಾಯ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ನಿಂತಿದ್ದ.

"ಯಾವಾಗ ಬರ್ತಾಳ?" ಎಂದಳು ಹೊಸ್ತಿಲಲ್ಲೇ.

"ಯಾರು?"

"ಈ ಒಲಿ ಊದಾಕಿ."

ಅವನು ಆ ಮಾತಿಗೆ ಕಿವಿಯನ್ನೇ ಕೊಡಲಿಲ್ಲ. ಅವಳ ಕಾಲಿನ ಧೂಳು ನೋಡಿ ಅವನ ಮುಖ ಕಳೆಗುಂದಿತು. "ಬಸ್ಸಿನ್ಯಾಗ ಬಂದೇನು? ಆ ರಸ್ತ್ಯಾಗ? ನಿನ್ನ ಹೊಲಿಗಿ..." ಹೆಂಗಸರ ಆ ಭಾಗದ ಮಾತು ಅವನ ಬಾಯಿಗೆ ಎಂದೂ ಬಂದದ್ದಲ್ಲ.

ಆಗ ಗುಂಡಮ್ಮ ಒಲೆಯನ್ನು ಸರಿಯಾಗಿ ನೋಡಿದಳು. ಫರ್ಸಿಕಲ್ಲಿನ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಅಗಲ ಕಲ್ಲು ಹಾಸಿ, ಅದರ ಮೇಲೆ ಒಲೆ. ನೆಲದಿಂದ ನಡುಮಟ್ಟ ಎತ್ತರ.

"ಇಷ್ಟೆತ್ತರ ಯಾರು ಕುಂತು ಊದ್ತಾರ?"

"ಕುಂದ್ರಾಕಲ್ಲ, ನಿಂತು ಮಾಡಾಕ. ಕುಕ್ಕರಗಾಲಲೆ ಕುಂದ್ರಬಾರದಲ್ಲ ನೀ."

"ನಿಮಗ್ಯಾರು ಹೇಳಿದ್ರು?"

"ಹೋಗಿ ಕೇಳಿದೆ, ಡಾಕ್ಟರಬಾಯಿನ್ನ. ಹೆಣ್ಮಕ್ಕಳ ಸಾಲಿನ್ಯಾಗ ಎರಡು ತಾಸು ನಿಂತಿದ್ದೆ." ಅವನು ಕೈಯ ಮಣ್ಣನ್ನು ತೀಡಿದ. "ನಮ್ಮ ಮನ್ಯಾಕಿ ಏನೇನು ಮಾಡಬಾರದು, ನಾ ಏನೇನು ಮಾಡಬೇಕು ಅಂದೆ. ಅಲ್ಲಿದ್ದಾಕಿ ಒಬ್ಬಾಕಿ, ಕಾಕಾ, ನಿನಗೆಷ್ಟು ತಿಂಗಳು ಅಂದಳು."

ಗುಂಡಮ್ಮನಿಗೆ ನಗು ಉಕ್ಕಿತು. ಉಕ್ಕಿದ್ದೇ ಎರಡೂ ಕೈ ಹೊಟ್ಟೆಯ ಕೆಳಗೆ ಒತ್ತಿ ಗೋಡೆಗೆ ಒರಗಿದಳು. "ನಗಸಬ್ಯಾಡ್ರಿ. ಹೊಲಿಗಿ ಜಗ್ತಾವ." ಕಣ್ಣಲ್ಲಿ ನೀರು ಬಂದದ್ದು ನಗುವಿಗೋ ನೋವಿಗೋ ಅವಳಿಗೇ ತಿಳಿಯಲಿಲ್ಲ.

ಹಾಸುಗಲ್ಲಿನ ಬಳಿ ನಿಂತು ನೋಡಿದಳು. ರೊಟ್ಟಿ ಬಡಿಯಲು ಕೈ ಚಾಚಿದರೆ ಸರಿಯಾಗಿ ಮೊಣಕೈ ಕೆಳಗೆ ಬಂತು.

"ನಾ ಇಲ್ದಾಗ ನನ್ನ ಎತ್ತರ ಹೆಂಗ ಗೊತ್ತಾತು?"

"ನಿನ್ನ ಮೊಣಕೈ ನನಗ ಇಲ್ಲಿಗಿ ಬರ್ತದ," ಎಂದು ಅವನು ತನ್ನ ಸೊಂಟದ ಎಲುಬಿನ ಮೇಲೆ ನಾಲ್ಕು ಬೆರಳು ಇಟ್ಟು ತೋರಿಸಿದ. "ನಾ ತಲಿಮ್ಯಾಲ ಕಲ್ಲು ಹೊರಿಸೂಕಿಂತ ಮೊದಲು, ದಿನಾ ನನ್ನ ಬಾಜೂಕ ನಿಂದರ್ತಿದ್ದೆಲ್ಲ ನೀ."

ಹೇಳಿದವನು ತನ್ನ ಮಾತು ತಾನೇ ಕೇಳಿಸಿಕೊಂಡವನಂತೆ ಅವಳ ನೆತ್ತಿಯತ್ತ ನೋಡಿದ. ನಾಲ್ಕು ಬೆರಳು ಅಲ್ಲೇ ಉಳಿದವು.

"ಕಡೀ ಹೆರಿಗ್ಯಾಗ ಆ ಗಂಡುಕೂಸು ಹೋದ ಮ್ಯಾಲ," ಎಂದ, "ಇಪ್ಪತ್ತೊಂದನೇ ದಿನಕ್ಕ ನೀ ಖಣಿಗಿ ಬಂದಿ. ನಾನೇ ಹೊರಿಸಿದೆ. ಸಣ್ಣ ಕಲ್ಲು ನೋಡಿ ಹೊರಿಸಬೇಕಂತ ಸೈತ ತಿಳೀಲಿಲ್ಲ ನನಗ."

ಗುಂಡಮ್ಮ ಹಾಸುಗಲ್ಲಿನ ಅಂಚು ಹಿಡಿದುಕೊಂಡಳು. ಹೊರಗೆ ಕಾರಖಾನೆಯ ಸೈರನ್ ಕೂಗಿ ನಿಂತಿತು.

"ಹೌದು," ಎಂದಳು. "ನೀವೇ ಹೊರಿಸಿದ್ರಿ."

ಕ್ಷಮಿಸಿದೆನೆಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಆದರೆ ಏಳು ವರ್ಷ ತಾನೊಬ್ಬಳೇ ಹಿಡಿದುಕೊಂಡಿದ್ದ ಆ ದಿನಕ್ಕೆ ಈಗ ಇನ್ನೊಂದು ಕೈ ತಾಗಿತ್ತು.

ಮರುದಿನ ಅವನು ಅವಳನ್ನು ಹಿತ್ತಲಿಗೆ ಕರೆದೊಯ್ದ. ತಟ್ಟಿ ಕಟ್ಟಿದ ಮರೆಯಲ್ಲಿ, ಎರಡು ಕಲ್ಲುಗಳ ಮೇಲೆ ದುಂಡಗೆ ತೂತು ಕೊರೆದ ಫರ್ಸಿ. ಬಯಲಿಗೆ ಹೋಗಿ ಕುಕ್ಕರಿಸುವ ಕಷ್ಟ ತಪ್ಪಲೆಂದು. ಅಂಚನ್ನೆಲ್ಲ ಉಜ್ಜಿ ಉಜ್ಜಿ ನುಣುಪು ಮಾಡಿದ್ದ. ಏನೆಂದು ಹೇಳಲಾಗದೆ ಆಶಾಬಿಯ ಗೋಡೆಯನ್ನು ಆಸಕ್ತಿಯಿಂದ ನೋಡುತ್ತ ನಿಂತ.

"ಆ ಗ್ವಾಡಿಮ್ಯಾಗ ಏನದರಿ?" ಎಂದಳು ಗುಂಡಮ್ಮ.

"ಏನಿಲ್ಲ. ಗಿಲಾವು ಬಿದ್ದಾದ."

"ನುಣುಪಾಗ್ಯಾದ," ಎಂದಳು ಮೆಲ್ಲಗೆ. ಶಿವರಾಯನ ಕಿವಿ ಕೆಂಪಾದವು.

ನೀರು ತರುವ ಕೆಲಸ ಅವನ ಹೆಗಲಿಗೆ ಬಂತು. ಬಾವಿಯ ಕಟ್ಟೆಯಲ್ಲಿ ಓಣಿಯ ಯಂಕಮ್ಮ ಕೊಡ ತಿಕ್ಕುತ್ತ, "ಏನೋ ಶಿವರಾಯ, ಸೀರಿ ಯಾವಾಗ ಉಡ್ತಿ?" ಎಂದಳು. "ಒಂದು ಕೊಡು, ನಾಳೆ ಉಟ್ಟಗೊಂಡೇ ಬರ್ತೀನಿ," ಎಂದ ಅವನು. ಮನೆಯೊಳಗಿದ್ದ ಗುಂಡಮ್ಮನಿಗೆ ಆ ಮಾತು ಆಶಾಬಿಯ ಮೂಲಕ ತಲುಪಿತು. ಆ ದಿನ ಅವನ ರೊಟ್ಟಿಗೆ ಶೇಂಗಾಚಟ್ನಿ ಎರಡು ಚಮಚ ಹೆಚ್ಚು ಬಿತ್ತು.

ಆದರೆ ಮೈ ಮಾತ್ರ ತನ್ನದೇ ಲೆಕ್ಕದಲ್ಲಿ ನಡೆಯಿತು. ನಾಲ್ಕು ದಿನ ಹಗುರವಾದರೆ ಐದನೆಯ ದಿನ ಮತ್ತೆ ಸೀಸದ ಭಾರ. ಒಮ್ಮೆ ಯಾರೂ ಇಲ್ಲದಾಗ ಅರ್ಧ ಕೊಡ ನೀರು ಎತ್ತಿದಳು; ಸೀರೆಗೆ ರಕ್ತದ ಕಲೆಯಾಯಿತು, ಮೂರು ದಿನ ನೆಲ ಹಿಡಿದಳು. ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಮಲಗಿ ಎದ್ದವನು, ದಿನಾ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಅವಳ ಮುಖ ನೋಡುತ್ತಿದ್ದ. ಮಾತಿಲ್ಲದ ಆ ನೋಟಕ್ಕೆ ಅವಳು, "ಆರಾಮ ಅದೀನಿ," ಅನ್ನುತ್ತಿದ್ದಳು. ಅವಳಿಗೆ ಅಷ್ಟೇ ಹೇಳಲು ಬರುತ್ತಿದ್ದುದು.

ಮೂರು ತಿಂಗಳು ತುಂಬಿದ ದಿನ ಗುಲಬರ್ಗಾಕ್ಕೆ ಹೋದರು. ಡಾಕ್ಟರಬಾಯಿ ನೋಡಿ, ಒಂದು ಕಡೆ ಇನ್ನೂ ಮಾಗಿಲ್ಲ, ಇನ್ನೆರಡು ತಿಂಗಳು ಬೇಕು ಎಂದಳು. ಈ ಸಲ ಅವನನ್ನೂ ಕರೆದು ಹೇಳಿದಳು.

ಶಹಾಬಾದ ಸ್ಟೇಷನ್ನಿನಲ್ಲಿ ರೈಲಿಳಿದಾಗ ಬಿಸಿಲು ಇನ್ನೂ ಇತ್ತು. ಆ ಕಡೆಯ ಗಂಡಸರ ರೂಢಿಯಂತೆ ಶಿವರಾಯ ಹತ್ತು ಹೆಜ್ಜೆ ಮುಂದೆ, ಗುಂಡಮ್ಮ ಹಿಂದೆ.

"ಮತ್ತ ಎರಡು ತಿಂಗಳಂತ," ಎಂದಳು ಅವನ ಬೆನ್ನಿಗೆ.

"ಕೇಳೀನಿ."

"ಆಮ್ಯಾಲೂ ಮೊದಲಿನಂಗ ಆಗ್ತದಂತ ಡಾಕ್ಟರಬಾಯಿ ಹೇಳಿಲ್ಲ."

"ಕೇಳೀನಿ."

"ಗಂಡಮಗ ಹುಟ್ಟಂಗಿಲ್ಲ. ಕಲ್ಲು ಹೊರಂಗಿಲ್ಲ. ನಿಮ್ಮ ಮಗ್ಗಲಿಗೂ..." ಅವಳ ದನಿ ಸಣ್ಣದಾಯಿತು. "ನನ್ನ ಇಟಗೊಂಡು ಏನು ಮಾಡ್ತೀರಿ?"

ಶಿವರಾಯ ನಿಂತ. ತಿರುಗಿ, ಆ ಹತ್ತು ಹೆಜ್ಜೆಯನ್ನೂ ಹಿಂದಕ್ಕೆ ನಡೆದು ಬಂದ.

"ಇಪ್ಪತ್ತು ವರ್ಷದಾಗ ನಾ ಒಮ್ಮ್ಯಾರ ನಿನಗ ನೋವದೇನು ಅಂತ ಕೇಳೀನೇನು?"

"ಇಲ್ಲ."

"ಈಗ ಕೇಳಾಕತ್ತೀನಿ. ನೋವದೇನು?"

ಗುಂಡಮ್ಮ ಅವನ ಮುಖ ನೋಡಿದಳು. ರೆಪ್ಪೆಗಳ ಮೇಲೆ ಕೂತ ಕಲ್ಲಿನ ಹುಡಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆ ಬಿಳಿ ರೆಪ್ಪೆಗಳು ಅಲುಗದೆ ಕಾಯುತ್ತಿದ್ದವು.

"ಅದ," ಎಂದಳು. "ಭಾಳ ಅದ."

"ಎಲ್ಲಿ?"

ಹಾಡಹಗಲು, ನಡುರಸ್ತೆಯಲ್ಲಿ, ಅವಳು ಹೇಳಿದಳು. ಎಲ್ಲಿ ಜಗ್ಗುತ್ತದೆ, ಎಲ್ಲಿ ಉರಿಯುತ್ತದೆ, ಏಳುವಾಗ ಹೇಗೆ, ಕೂರುವಾಗ ಹೇಗೆ, ಎಲ್ಲವೂ ಮತ್ತೆ ಜಾರೀತೆಂಬ ಹೆದರಿಕೆ ಹೇಗೆ. ಅವನು ತಲೆ ತಗ್ಗಿಸಿ, ಒಂದೊಂದಕ್ಕೂ "ಹ್ಞೂಂ" ಅನ್ನುತ್ತ ಕೇಳಿದ.

ಹೊರಟಾಗ ಅವನು ಮುಂದೆ ಹೋಗಲಿಲ್ಲ.

"ಮುಂದ ನಡೀರಿ. ಮಂದಿ ನೋಡಾಕತ್ತಾರ."

"ನೋಡ್ಲಿ. ನೀ ಹೆಜ್ಜಿ ಇಡು. ನಾ ಅದನ್ನ ನೋಡಿ ಇಡ್ತೀನಿ."

ಅರ್ಧ ತಾಸಿನ ದಾರಿ ಅದು. ಅಂದು ಅವರಿಗೆ ಎರಡು ತಾಸು ಹಿಡಿಯಿತು. ನಡುವೆ ನಾಲ್ಕು ಸಲ ದಣಿವಾರಿಸಿಕೊಂಡರು. ಅವಳು ಸಾಕೆನ್ನುವ ಮೊದಲೇ, ನಾಲ್ಕೂ ಸಲ, "ನನಗ ಸಾಕಾತು ನೋಡು," ಎಂದು ಶಿವರಾಯನೇ ಮೊದಲು ಕುಳಿತ.